ಬೆಟ್ಟದೂರಿನಲ್ಲಿ ಬಿಟ್ಟು ಬಂದ ಚಪ್ಪಲಿ

ವಯಸ್ಸಾದ ಮೇಲೆ ಮನುಷ್ಯರಿಗೆ ಸ್ವಂತದ್ದು ಅಂತ ಒಂದು ನೋವಾದರೂ ಇರಬೇಕು. ಮನೆ ಮಗಳದ್ದು, ಕಾರು ಅಳಿಯನದ್ದು, ಟಿವಿಯ ರಿಮೋಟು ಯಾರ ಕೈಗೆ ಸಿಕ್ಕಿತೋ ಅವರದ್ದು. ನನ್ನದು ಅಂತ ಇದ್ದದ್ದು ಬಲಗಾಲಿನ ಮಂಡಿನೋವು ಒಂದೇ. ಅದೂ ಪೂರ್ತಿ ನೋವಲ್ಲ. ನಾಲ್ಕಾಣೆ ನಿಜ, ಹನ್ನೆರಡಾಣೆ ಅನುಕೂಲ. ಅಮೆರಿಕದ ಗ್ಲೆಂಡೇಲ್ ಹೈಟ್ಸ್‌ನ ನಮ್ಮ ಬಡಾವಣೆಯಲ್ಲಿ ಬೆಳಗಾದರೆ ಮಕ್ಕಳ ಮನೆಗೆ ಬಂದ ಅಪ್ಪ ಅಮ್ಮಂದಿರೆಲ್ಲ ಟೋಪಿ ಹಾಕಿಕೊಂಡು ಕೊಳದ ಸುತ್ತ ಎರಡು ಮೈಲಿ ನಡೆಯುತ್ತಾರೆ. ನಡೆಯುವುದು ಕಡಿಮೆ, ತಮ್ಮ ತಮ್ಮ ಶುಗರಿನ ವರದಿ ಒಪ್ಪಿಸುವುದು ಜಾಸ್ತಿ. ನಾನು ಮಂಡಿ ಹಿಡಿದುಕೊಂಡು ಕಿಟಕಿ ಪಕ್ಕ ಕೂತು, ಎರಡನೇ ಲೋಟ ಕಾಫಿ ಕುಡಿಯುತ್ತಾ ಅವರನ್ನು ನೋಡುತ್ತಿದ್ದೆ. ಅದಕ್ಕಿಂತ ದೊಡ್ಡ ಸುಖ ಈ ದೇಶದಲ್ಲಿ ನಾನು ಕಂಡಿಲ್ಲ.

ಮಗಳು ಸುಮಾಳಿಗೆ ಮೊದಲಿನಿಂದ ಅನುಮಾನ. ಹಾಲು ಉಕ್ಕಿದಾಗ ನಾನು ಓಡುವುದನ್ನು ಅವಳು ನೋಡಿಬಿಟ್ಟಿದ್ದಾಳೆ. ಮೊಮ್ಮಗಳು ಮೇಘಾ ಆರು ತಿಂಗಳ ಓದಿಗೆ ಇಟಲಿಯಲ್ಲಿದ್ದಳಲ್ಲ, ಅವಳನ್ನು ನೋಡಲು ಹೊರಡುವ ಮುಂಚೆ ಸುಮಾ ಷರತ್ತು ಹಾಕಿದಳು. "ಅಲ್ಲಿ ನೋಡ್ತೀನಮ್ಮ. ನಡೆಯಕ್ಕೆ ಆಗ್ಲೇ ಇಲ್ಲ ಅಂದ್ರೆ ಇನ್ಮೇಲೆ ವಾಕಿಂಗ್ ಸುದ್ದಿ ಎತ್ತಲ್ಲ. ಆಗತ್ತೆ ಅಂತ ಗೊತ್ತಾದ್ರೆ ವಾಪಸ್ ಬಂದ ಮಾರನೇ ದಿನದಿಂದ ಶುರು." ಲೋಕದವರು ಇಟಲಿಗೆ ನೋಡಲು ಹೋಗುತ್ತಾರೆ, ನಾನು ಕುಂಟಲು ಹೋದೆ.

ಮೇಘಾ ನಮ್ಮನ್ನು ಬೆಟ್ಟದ ಮೇಲಿನ ಒಂದು ಚಿಕ್ಕ ಊರಿಗೆ ಕರೆದುಕೊಂಡು ಹೋದಳು. ಹೆಸರು ಹೇಳಿಕೊಟ್ಟಳು, ನನ್ನ ನಾಲಿಗೆ ಒಪ್ಪಲಿಲ್ಲ. ನಾವು ಅಕ್ಕಿ ತರುವ ಅಂಗಡಿಯ ಪಾರ್ಕಿಂಗ್ ಲಾಟಿನಲ್ಲಿ ಆ ಊರನ್ನು ಇಟ್ಟರೂ ಇನ್ನೂ ನಾಲ್ಕು ಕಾರಿಗೆ ಜಾಗ ಉಳಿಯುತ್ತದೆ. ಊರಿನೊಳಕ್ಕೆ ಕಾರಿಲ್ಲ, ಬರೀ ಕಲ್ಲಿನ ಮೆಟ್ಟಿಲು. ನೋಡಬೇಕಾದ್ದೆಲ್ಲ ಮೇಲೆ: ಚೀಸ್ ಮಾಡುವ ನೆಲಮಾಳಿಗೆ, ಗಡಿಯಾರದ ಗೋಪುರ, ತುದಿಯಲ್ಲಿ ಕೋಟೆ. ಕೆಳಗಿನ ಚೌಕದಲ್ಲಿದ್ದದ್ದು ಒಂದು ಇಗರ್ಜಿ. ನಾನು ನಿಟ್ಟುಸಿರು ಬಿಟ್ಟು, ನೀವು ಹೋಗಿ ಬನ್ನಿ, ನಾನು ಇಲ್ಲೇ ದೇವರ ಹತ್ತಿರ ಕೂತಿರುತ್ತೇನೆ ಅಂದೆ. ಸುಮಾ ನನ್ನ ಮಂಡಿಯನ್ನೊಮ್ಮೆ, ಮುಖವನ್ನೊಮ್ಮೆ ನೋಡಿ ಮಗಳ ಜೊತೆ ಮೆಟ್ಟಿಲು ಹತ್ತಿದಳು.

ಅವರು ಒಮ್ಮೆ ತಿರುಗಿ ನೋಡಿದರೆ ಇರಲಿ ಅಂತ ಇಗರ್ಜಿ ಬಾಗಿಲವರೆಗೂ ಕಂಬಿ ಹಿಡಿದು ಚೆನ್ನಾಗಿ ಕುಂಟಿದೆ. ಚಪ್ಪಲಿ ಹೊರಗೆ ಬಿಟ್ಟೆ. ಅಲ್ಲಿ ಯಾರೂ ಬಿಡುವುದಿಲ್ಲ ಅಂತ ಮೇಘಾ ಮೊದಲೇ ಹೇಳಿದ್ದಳು. ಅವರು ಬಿಡದಿದ್ದರೆ ಅವರ ಪಾಡು. ದೇವರು ಯಾರದಾದರೇನು, ಚಪ್ಪಲಿ ಹೊರಗೇ. ಒಳಗೆ ಸೊಂಟಕ್ಕೆ ಬೀಗದ ಕೈ ಗೊಂಚಲು ಕಟ್ಟಿಕೊಂಡ ಮುದುಕಿಯೊಬ್ಬಳು ಗುಡಿಸುತ್ತಿದ್ದಳು. ದೇವಮಾತೆಯ ವಿಗ್ರಹದ ಮುಂದೆ ಮಂಡಿಯೂರಿ, ಹಣೆ ನೆಲಕ್ಕೆ ಮುಟ್ಟಿಸಿ ನಮಸ್ಕಾರ ಮಾಡಿದೆ. ಎದ್ದು ಮೂರು ಪ್ರದಕ್ಷಿಣೆ ಹಾಕಿದೆ. ಹೊರಗೆ ಬಂದು ನೋಡಿದರೆ ಚಪ್ಪಲಿ ಇಲ್ಲ.

ಸಾಧಾರಣ ಚಪ್ಪಲಿಯಲ್ಲ, ಜಯನಗರದಲ್ಲಿ ಕಾಲಿನ ಅಳತೆ ಕೊಟ್ಟು ಮಾಡಿಸಿದ, ಅಂಗಾಲಿನ ಆಣಿಗೆ ಒತ್ತದ ಡಾಕ್ಟರ್ ಚಪ್ಪಲಿ. ಎದುರಿಗೆ ಒಬ್ಬ ಮೂಟೆ ಹೊತ್ತು ಮೆಟ್ಟಿಲು ಹತ್ತುತ್ತಿದ್ದ. ಕಳ್ಳ ಇವನೇ ಎಂದುಕೊಂಡು ಬರಿಗಾಲಲ್ಲಿ ಹಿಂದೆಯೇ ಓಡಿದೆ. ಅವನು ನೆಲಮಾಳಿಗೆಗೆ ಇಳಿದ, ನಾನೂ ಇಳಿದೆ. ಬೀಸುಕಲ್ಲಿನಷ್ಟು ದಪ್ಪ ಚೀಸುಗಳು, ಒದ್ದೆ ಸಾಕ್ಸಿನ ವಾಸನೆ. ಮೂಟೆ ಬಿಚ್ಚಿ ತೋರಿಸಿದ, ಆಲೂಗಡ್ಡೆ. ಪಾಪ, ನನಗೆ ಹಸಿವೆ ಅಂದುಕೊಂಡು ಎರಡು ಕೈಗಿಟ್ಟ. ಅರ್ಧ ಬಂದಾಗಿದೆ, ಸುಮಾಳಿಗಾದರೂ ಹೇಳೋಣ ಅಂತ ಮೇಲೆ ಹತ್ತಿದೆ. ಗೋಪುರದ ಗಡಿಯಾರಕ್ಕೆ ಒಂದೇ ಮುಳ್ಳಿತ್ತು. ಕೋಟೆಯ ಮೇಲೆ ತಾಯಿ ಮಗಳು ಐಸ್‌ಕ್ರೀಮ್ ತಿನ್ನುತ್ತಿದ್ದರು.

"ಅಜ್ಜಿ, ಹೌ ಡಿಡ್ ಯು ಗೆಟ್ ಹಿಯರ್?" ಅಂದಳು ಮೇಘಾ.

ಸುಮಾ ನನ್ನ ಬರಿಗಾಲು ನೋಡಿದಳು. ನನ್ನ ಕೈಯಲ್ಲಿದ್ದ ಆಲೂಗಡ್ಡೆ ನೋಡಿದಳು. ಅವಳು ಹಾಗೆ ನೋಡಿದರೇ ನನಗೆ ಭಯ.

ಚಪ್ಪಲಿ ಹುಡುಕಲು ಮೂವರೂ ಇಳಿದು ಇಗರ್ಜಿಗೆ ಹೋದೆವು. ಬೀಗದ ಕೈ ಮುದುಕಿ ಓಡಿ ಬಂದು ನನ್ನ ಕೈಗೆ ಮುತ್ತಿಟ್ಟು, ಮಾತೆಯ ಪಕ್ಕದ ಕಪಾಟಿನ ಹತ್ತಿರ ಎಳೆದುಕೊಂಡು ಹೋದಳು. ಅಲ್ಲಿ ಹಳೆಯ ಊರುಗೋಲುಗಳು, ಹರಕೆಯ ಬೆಳ್ಳಿ ಕಾಲುಗಳು, ನಡುವೆ ನನ್ನ ಚಪ್ಪಲಿ, ಮೇಲೊಂದು ಗುಲಾಬಿ. ಅವಳ ಮಾತನ್ನು ಮೇಘಾ ಬಿಡಿಸಿ ಹೇಳಿದಳು. ಈ ಅಮ್ಮ ಕುಂಟುತ್ತಾ ಬಂದಳಂತೆ, ಚಪ್ಪಲಿ ಬಿಟ್ಟಳಂತೆ, ಮಂಡಿಯೂರಿದಳಂತೆ, ಎದ್ದು ನೆಟ್ಟಗೆ ಮೂರು ಸುತ್ತು ನಡೆದಳಂತೆ. ಮಾತೆ ವಾಸಿ ಮಾಡಿದ್ದಕ್ಕೆ ಚಪ್ಪಲಿ ಕಾಣಿಕೆ ಬಿಟ್ಟಿದ್ದಾಳೆ ಅಂತ ಇವಳು ಎತ್ತಿಟ್ಟಿದ್ದಳು. ಪವಾಡ ಆಯಿತು ಅಂತ ಊರಿಗೆ ಸಾರಲು ಈಗ ಗಂಟೆ ಹೊಡೆಯಲೇ ಅಂತ ಕೇಳುತ್ತಿದ್ದಳು.

ಚಪ್ಪಲಿ ವಾಪಸು ಕೊಡು ಅನ್ನಬೇಕು ಅಂತ ಬಾಯಿ ತೆರೆದೆ. ಕೇಳಿದರೆ ಪವಾಡವೇ ಆಗಿಲ್ಲ, ಬರುವಾಗ ಕುಂಟಿದ್ದೇ ನಾಟಕ ಅಂತ ಒಪ್ಪಿಕೊಂಡ ಹಾಗೆ. ಆ ಮುದುಕಿ ಅಳುತ್ತಿದ್ದಳು ಬೇರೆ. ಸುಮಾ ನನ್ನ ಕಿವಿಯ ಹತ್ತಿರ ಬಂದು ಮೆತ್ತಗೆ, "ಹೇಳಮ್ಮ, ಪವಾಡಾನಾ, ಸುಳ್ಳಾ?" ಅಂದಳು.

ಪವಾಡ ಅಂದೆ. ಗಂಟೆ ಹೊಡೆಯಿತು.

ಈಗ ದಿನಾ ಬೆಳಿಗ್ಗೆ ಮೇಘಾ ಆರಿಸಿದ ಗುಲಾಬಿ ಬಣ್ಣದ ಶೂ ಹಾಕಿಕೊಂಡು ಕೊಳ ಸುತ್ತುತ್ತೇನೆ. ಆ ಶೂ ಆಣಿಗೆ ಒತ್ತುತ್ತದೆ. ಕಾಲು ವಾರೆ ಇಟ್ಟು ನಡೆದು ನಡೆದು ಮಂಡಿ ಈಗ ಹದಿನಾರಾಣೆ ನಿಜವಾಗಿ ನೋಯುತ್ತದೆ. ಹಾಗಂತ ಸುಮಾಳಿಗೆ ಹೇಳಿದರೆ ಅವಳು ವಾದ ಮಾಡುವುದಿಲ್ಲ. ಫೋನು ತೆಗೆದು ಆ ಕಪಾಟಿನ ಫೋಟೋ ತೋರಿಸುತ್ತಾಳೆ, ಗುಲಾಬಿ ಹೂವಿನ ಸಮೇತ.