ಮಿಕ್ಸಿ ಎಂತ ಹೇಳ್ತದೆ?

ಮಿಕ್ಸಿ ಮಾರಬಾರದು ಎಂಬ ಒಂದೇ ಉದ್ದೇಶದಿಂದ ಮಿಕ್ಸಿ ಅಂಗಡಿ ಇಟ್ಟುಕೊಂಡವರು ಇಡೀ ಮಂಗಳೂರಿನಲ್ಲಿ ಒಬ್ಬರೇ ಇದ್ದಾರೆ. ನನ್ನ ಗ್ರಹಚಾರಕ್ಕೆ ಅವರು ನನ್ನ ಸೋದರಮಾವ. ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಕುದ್ರೋಳಿಗೆ ಹುಡುಕಿಕೊಂಡು ಹೋಗ್ತೀರಿ, ಅವರು ಮಿಕ್ಸಿ ಕೊಡುವುದಿಲ್ಲ, ಕೊನೆಗೆ ನೀವು ನನಗೆ ಬೈತೀರಿ. ಬೈಗುಳ ನನಗೆ ಈಗಲೇ ಸಾಕಷ್ಟು ಉಂಟು!

ನಾನು ವ್ಯಾಪಾರ ಗೊತ್ತಿಲ್ಲದೆ ಮಾತಾಡುವವಳಲ್ಲ. ಬಲ್ಮಠದ ದೊಡ್ಡ ಶೋರೂಮಿನಲ್ಲಿ ಆರು ವರ್ಷ ಸೇಲ್ಸ್‌ನಲ್ಲಿ ಇದ್ದವಳು. ಫ್ರಿಜ್ ನೋಡಲಿಕ್ಕೆ ಬಂದವರಿಗೆ ವಾಷಿಂಗ್ ಮೆಷಿನನ್ನೂ ಕಟ್ಟಿಸಿ ಕಳುಹಿಸಿದ ಕೀರ್ತಿ ನನಗುಂಟು. ಆ ಶೋರೂಮ್ ಮುಚ್ಚಿದಾಗ ಮಾವನೇ ಮನೆಗೆ ಬಂದು ಕರೆದರು. "ಅಂಗಡಿಗೆ ಬಾ ಮಾರಾಯ್ತಿ. ನನ್ನ ನಂತರ ಅದು ನಿನ್ನದೇ ಅಲ್ವಾ?" ಮಾವನಿಗೆ ಮದುವೆ ಇಲ್ಲ, ಮಕ್ಕಳಿಲ್ಲ. ಅಕ್ಕನ ಮಗಳು ನಾನೊಬ್ಬಳೇ. ಮಾವನದ್ದು ಅಕ್ಕನ ಮಕ್ಕಳಿಗೆ ಎಂಬುದು ನಮ್ಮ ತುಳುವರ ಹಳೆಯ ಕ್ರಮವೂ ಹೌದು. ಆಹಾ, ಅದೃಷ್ಟ ಖುಲಾಯಿಸಿತು ಎಂದು ಓಡಿಕೊಂಡು ಹೋದೆ. ಎರಡು ವರ್ಷ ಆಯ್ತು, ಇನ್ನೂ ಮಂಡೆ ಬಿಸಿ ಇಳಿದಿಲ್ಲ.

ಮಾವನ ಕ್ರಮ ಕೇಳಿ. ಗಿರಾಕಿ ಒಂದು ಮಿಕ್ಸಿ ಮೆಚ್ಚಿಕೊಂಡರೆ ಬೇರೆ ಅಂಗಡಿಯವರು ಎಂತ ಮಾಡ್ತಾರೆ? ಮನಸ್ಸು ಬದಲಾಗುವ ಮೊದಲು ಕಟ್ಟಿ ಕೊಡ್ತಾರೆ. ಮಾವ ಪೆಟ್ಟಿಗೆ ಬಿಚ್ಚುತ್ತಾರೆ. ಮೇಜಿನ ಮೇಲಿಟ್ಟು ಓಡಿಸುತ್ತಾರೆ. ಕಣ್ಣು ಮುಚ್ಚಿ, ಒಂದು ಗೇಣು ದೂರದಲ್ಲಿ ಕಿವಿ ಕೊಟ್ಟು ಬಾಗಿ ನಿಲ್ಲುತ್ತಾರೆ. ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಕೈ ಮೋಸ ಮಾಡ್ತದಂತೆ! ಮೋಟಾರಿನ ಸ್ವರ ಸರಿ ಇಲ್ಲದಿದ್ದರೆ ಕಂಪೆನಿಯ ಹೊಸ ಪೆಟ್ಟಿಗೆಯಾದರೂ ಆ ಮಿಕ್ಸಿ ವಾಪಸ್. ಸರಿ ಇದ್ದರೆ ಮಾತ್ರ, "ಕೊಂಡು ಹೋಗಿ. ನನ್ನ ಮಾತು." ಮೂವತ್ತು ವರ್ಷದಿಂದ ಕುದ್ರೋಳಿಯಲ್ಲಿ ವಾರಂಟಿ ಕಾರ್ಡಿಗಿಂತ "ನನ್ನ ಮಾತು" ಎಂಬ ಈ ಎರಡು ಶಬ್ದಕ್ಕೆ ಬೆಲೆ ಜಾಸ್ತಿ.

ಅಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ನಾನು ಸೇರಿದ ದಿನದಿಂದ ಈ ಪೂಜೆಗೆ ನನ್ನನ್ನೂ ನಿಲ್ಲಿಸಿದರು. ಮಿಕ್ಸಿಯ ಆ ಕಡೆ ಮಾವನ ಕಿವಿ, ಈ ಕಡೆ ನನ್ನದು. ಎಲ್ಲ ಮುಗಿದ ಮೇಲೆ ಕಣ್ಣು ತೆರೆದು, ಗಿರಾಕಿಯ ಎದುರೇ, ಶಾಲೆಯ ಮಾಸ್ಟ್ರ ಹಾಗೆ ನನಗೆ ಪ್ರಶ್ನೆ: "ಎಂತ ಹೇಳ್ತದೆ?"

ಮಿಕ್ಸಿ ಎಂತ ಹೇಳ್ತದೆ! ಗುರ್ರ್ ಅಂತ ಹೇಳ್ತದೆ! ಮತ್ತೆ ಅದು ಯಕ್ಷಗಾನದ ಪದ ಹೇಳಿ ಭಾಗವತಿಕೆ ಮಾಡ್ತದಾ? ತಮಗೆ ಉತ್ತರ ಗೊತ್ತಿದ್ದೂ ನನ್ನನ್ನು ಕೇಳುವುದು ಎಂತಕ್ಕೆ? ಆರು ವರ್ಷ ಸರ್ವಿಸ್ ಆದವಳನ್ನು ಸತಾಯಿಸಲಿಕ್ಕೆ! ನಾನು "ಸರಿ ಉಂಟು ಮಾವ" ಅಂದರೆ ಅವರು ತಲೆಯಾಡಿಸಿ "ನನ್ನ ಮಾತು" ಅನ್ನುವುದು. "ಸ್ವಲ್ಪ ಕಿರಕಿರ ಉಂಟು" ಅಂದರೆ "ನನಗೂ ಹಾಗೇ ಕಂಡಿತು" ಅನ್ನುವುದು. ಅಂತೂ ಹೆಸರು ಅವರದ್ದು, ಕುತ್ತಿಗೆ ನೋವು ನನ್ನದು.

ಫೋನಿನ ವಿಷಯ ಹೇಳಿದರೆ ನೀವು ನಂಬಲಿಕ್ಕಿಲ್ಲ. ಮಾವ ಫೋನ್ ಎತ್ತುವುದಿಲ್ಲ. "ಮುಖ ಕಾಣದವನ ಹತ್ತಿರ ಎಂಥ ವ್ಯಾಪಾರ? ನಂಬಿಕೆ ಬರುವುದು ಮುಖ ನೋಡಿ" ಎಂದು ಸಿದ್ಧಾಂತ ಬೇರೆ. ನಾನು ಕಷ್ಟಪಟ್ಟು ವಾಟ್ಸಾಪಿನಲ್ಲಿ ಫೋಟೋ ಹಾಕಿ, ಕ್ಯಾಂಟೀನ್ ಇಟ್ಟ ಒಬ್ಬರನ್ನು ಹಿಡಿದೆ. ನಾಲ್ಕು ದೊಡ್ಡ ಮಿಕ್ಸಿ ಬೇಕಂತೆ, ಕಳುಹಿಸಿ ಎಂದರು. ಮಾವ ಒಪ್ಪಬೇಕಲ್ಲ! ಪಾಪ, ಆ ಮನುಷ್ಯ ಉರಿಬಿಸಿಲಿಗೆ ಸ್ಕೂಟರಿನಲ್ಲಿ ಬಂದರೆ, ಮಾವ ಹೆಲ್ಮೆಟ್ ತೆಗೆಸಿ, ಎದುರಿನ ಕುರ್ಚಿಯಲ್ಲಿ ಕೂರಿಸಿ, "ಈಗ ಹೇಳಿ" ಎಂದರು. ಅವರು ಹೇಳಿದರು. ಎಲ್ಲ ಕೇಳಿದ ಮೇಲೆ ಮಾವ, "ನಿಮಗೆ ದಿನಕ್ಕೆ ಅಷ್ಟು ಮಸಾಲೆ ಕಡೆಯಲಿಕ್ಕೆ ಉಂಟಾದರೆ ಮಿಕ್ಸಿ ಬೇಡ, ನಾಲ್ಕೂ ಆರು ತಿಂಗಳಲ್ಲಿ ಸುಟ್ಟು ಹೋಗ್ತದೆ. ಒಂದು ದೊಡ್ಡ ಗ್ರೈಂಡರ್ ತೆಗೊಳ್ಳಿ" ಎಂದರು. ಸಂತೋಷ. ನಮ್ಮಲ್ಲಿ ಗ್ರೈಂಡರ್ ಉಂಟಾ? ಇಲ್ಲ!

ರಿಯಾಯಿತಿ ಕೇಳಿದರಂತೂ ಕೇಳಿಸದವರ ಹಾಗೆ ಕೂರುವುದು. ಗಿರಾಕಿ ಜಾರ್ ತಿರುಗಿಸಿ ನೋಡುತ್ತಾ, "ಸ್ವಲ್ಪ ಕಮ್ಮಿ ಮಾಡಿ ದಣಿ" ಅಂತಾನೆ. ಮಾವನ ಮುಖದಲ್ಲಿ ಒಂದು ಗೆರೆ ಅಲುಗಬೇಕಲ್ಲ! ಎರಡನೆಯ ಸಲ ಕೇಳ್ತಾನೆ. ಇಲ್ಲ. ಮೂರನೆಯ ಸಲಕ್ಕೆ ಅವನೇ ನಾಚಿಕೊಂಡು ಸುಮ್ಮನಾಗ್ತಾನೆ. ಎಂಥ ಅಹಂಕಾರ ಮಾರಾಯ್ರೆ! ವ್ಯಾಪಾರಿಗೆ ಇಷ್ಟು ಬಿಗುಮಾನ ಆಗ್ತದಾ?

ಇದರ ನಡುವೆ ಕಂಪೆನಿಯ ಹೊಸ ಮ್ಯಾನೇಜರ್ ಬಂದ. ಟೈ ಕಟ್ಟಿಕೊಂಡು, ಲ್ಯಾಪ್‌ಟಾಪ್ ತೆರೆದು, ಗಿರಾಕಿಯ ನಂಬಿಕೆ ಗಳಿಸುವುದು ಹೇಗೆ ಎಂದು ಮಾವನಿಗೆ ಪಾಠ ಮಾಡಿದ. ಗಿರಾಕಿಯನ್ನು ಹೆಸರು ಹಿಡಿದು ಮೂರು ಸಲ ಕರೆಯಬೇಕಂತೆ, ಇಲ್ಲ ಎಂಬ ಶಬ್ದ ಹೇಳಲೇಬಾರದಂತೆ. ಮಾವ ಅವನ ಮುಖವನ್ನೇ ನೋಡುತ್ತಾ ಪೂರ್ತಿ ಕೇಳಿ, "ಹೆಸರು ಮೂರು ಸಲ ಕರೆಯುವುದು ಕಳೆದುಹೋದವರನ್ನು" ಎಂದರು. ಅವನಿಗೆ ಕೋಪ ಬಂತು. ಚೌತಿಯ ಮುನ್ನಾದಿನ ಸಂಜೆ ಆರು ಗಂಟೆಯ ಒಳಗೆ ನಲ್ವತ್ತು ಮಿಕ್ಸಿ ಹೋಗದಿದ್ದರೆ ಡೀಲರ್‌ಶಿಪ್ ವಾಪಸ್, ಈಗಾಗಲೇ ನಮ್ಮ ಮಿಕ್ಸಿ ಮಾರುವ ನಂತೂರಿನ ಹೊಸ ಶೋರೂಮಿನವರು ಕುದ್ರೋಳಿಗೂ ಕಾಯ್ತಾ ಇದ್ದಾರೆ ಎಂದು ಹೇಳಿ ಹೋದ.

ಆ ಕಂಪೆನಿಯ ಬೋರ್ಡ್ ಇಳಿದರೆ ನಮ್ಮ ಅಂಗಡಿಯಲ್ಲಿ ಉಳಿಯುವುದು ವಾಷರ್, ಬ್ಲೇಡ್ ಮತ್ತು ಮಾವ. ಮೂರರಲ್ಲಿ ಯಾವುದರಿಂದ ನನ್ನ ಹೊಟ್ಟೆ ತುಂಬಬೇಕು?

ನಾನು ಬಿದ್ದು ಎದ್ದು ಮಾರಿದೆ. ಪೂಜೆಯಲ್ಲಿ "ಎಂತ ಹೇಳ್ತದೆ?" ಎಂದಾಗಲೆಲ್ಲ ಮೊಬೈಲಿನಿಂದ ಕಣ್ಣು ತೆಗೆಯದೆ, ತಲೆಯಾಡಿಸಿ "ಸರಿ ಉಂಟು, ಸರಿ ಉಂಟು" ಎಂದೆ. ಹಾಗೆ ಕೊಟ್ಟ ಒಂದು ಮಿಕ್ಸಿ ಎಂಟೇ ದಿನದಲ್ಲಿ ವಾಪಸ್ ಬಂತು. ತಂದವರು ಬಂದರಿನಲ್ಲಿ ಮೀನು ಮಾರುವ ಅಕ್ಕ. ಮೇಜಿನ ಮೇಲೆ ಕುಕ್ಕಿ, "ಎಂತ ದಣಿ, ನೀವು ಕೇಳಿ ಕೊಟ್ಟದ್ದಲ್ವಾ? ಬಂಗುಡೆ ಸಾರಿಗೆ ಮಸಾಲೆ ಹಾಕಿದೆ, ಅರ್ಧದಲ್ಲಿ ಹೊಗೆ! ನಿಮ್ಮ ಮಾತು ಅಂತ ತೆಗೊಂಡು ಹೋದೆ" ಎಂದರು. ಮಾವ ಎದ್ದು ನಿಂತು, "ನನ್ನ ಕಿವಿ ತಪ್ಪಿತು ಅಕ್ಕ" ಎಂದು ಹೊಸದು ಕೊಟ್ಟರು. ನನಗೆ ಒಳಗೊಳಗೇ ಖುಷಿ! ಆಯ್ತಲ್ಲ, ಮಹಾ ಕಿವಿಯ ಬಂಡವಾಳ ಬಯಲಾಯ್ತಲ್ಲ ಎಂದು ಅವತ್ತು ಎರಡು ಚಾ ಹೆಚ್ಚು ಕುಡಿದೆ.

ಚೌತಿಯ ಮುನ್ನಾದಿನ ಬಂತು. ಮಧ್ಯಾಹ್ನಕ್ಕೆ ಮೂವತ್ತೊಂಬತ್ತು ಆಗಿತ್ತು. ಒಂದೇ ಒಂದು ಬೇಕು! ಆಗ ದೇವರೇ ಕಳುಹಿಸಿದ ಹಾಗೆ ಬಲ್ಮಠದಿಂದ ಟೀಚರ್ ಬಂದರು. ರಿಟೈರ್ ಆದವರು, ಮನೆಮಾತು ಕೊಂಕಣಿ, ಮಾವನ ಹಳೆಯ ಗಿರಾಕಿ. ಮಗಳು ಕುವೈಟಿನಲ್ಲಿ ನರ್ಸ್, ರಜೆ ಮುಗಿದು ನಾಳೆ ಬೆಳಿಗ್ಗೆ ವಿಮಾನ. "ಅಲ್ಲಿಗೆ ಹೋದ ಮೇಲೆ ಕೆಟ್ಟರೆ ಯಾರಿಗೆ ಹೇಳುವುದು? ಅದಕ್ಕೇ ನಿಮ್ಮಲ್ಲಿಗೆ ಬಂದದ್ದು. ನೀವು ಕೇಳಿ ಕೊಡಿ, ನನಗೆ ಅಷ್ಟು ಸಾಕು" ಎಂದರು. ಅವರು ಕೇಳಿದ ಮಾಡೆಲ್ ನಮ್ಮಲ್ಲಿ ಉಳಿದದ್ದು ಒಂದೇ.

ಪೆಟ್ಟಿಗೆ ಬಿಚ್ಚಿ ಓಡಿಸಿದೆವು. ಮಗಳ ಫೋನ್ ಬಂತೆಂದು ಟೀಚರ್ ಬಾಗಿಲಿಗೆ ಹೋಗಿ ನಮಗೆ ಬೆನ್ನು ಹಾಕಿ ಮಾತಾಡುತ್ತಿದ್ದರು. ಮಾವ ಆ ಕಡೆ ಕಣ್ಣು ಮುಚ್ಚಿ ಬಾಗಿದರು, ನಾನು ಈ ಕಡೆ. ಒಳಗೆಲ್ಲೋ ಸಣ್ಣ ಕಿರಕಿರ. ನನಗೆ ಸ್ಪಷ್ಟ ಕೇಳಿಸಿತು. ಕೇಳಿಸಿದರೇನು? ಕುವೈಟಿನಿಂದ ವಾಪಸ್ ತರುವವರು ಯಾರು? "ಸರಿ ಉಂಟು" ಎಂಬುದು ನನ್ನ ನಾಲಗೆಯ ತುದಿಯಲ್ಲಿತ್ತು.

ಅಷ್ಟರಲ್ಲಿ ಕರೆಂಟ್ ಹೋಯಿತು. ಮಿಕ್ಸಿ ನಿಂತಿತು, ಫ್ಯಾನ್ ನಿಂತಿತು, ಅಂಗಡಿ ಗಪ್‌ಚುಪ್ಪಾಯಿತು.

ಮಾವ ಮಾತ್ರ ಏಳಲಿಲ್ಲ. ಕಣ್ಣು ಮುಚ್ಚಿಕೊಂಡು, ನಿಂತುಹೋದ ಮಿಕ್ಸಿಗೆ ಕಿವಿ ಕೊಟ್ಟು, ಹೂಂ ಹೂಂ ಎಂದು ತಲೆಯಾಡಿಸುತ್ತಲೇ ಇದ್ದರು. ನಾನು ನೋಡುತ್ತಾ ನಿಂತೆ. ಕೊನೆಗೆ ಕಣ್ಣು ತೆರೆದು ಎಂದಿನಂತೆ ಕೇಳಿದರು: "ಎಂತ ಹೇಳ್ತದೆ?"

ನಾನು ತಲೆ ಎತ್ತಿ ಫ್ಯಾನ್ ನೋಡಿದೆ. ಮಾವ ನನ್ನ ಮುಖ ನೋಡಿದರು. ಆಮೇಲೆ ತಲೆ ಎತ್ತಿ, ನಿಂತ ಫ್ಯಾನ್ ನೋಡಿದರು. ಮತ್ತೆ ನನ್ನನ್ನು ನೋಡಿದರು. ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ಅವರ ಮುಖ ಸಣ್ಣದಾಯಿತು.

ಫೋನ್ ಎತ್ತದೇ ಇದ್ದದ್ದು, ಹೆಲ್ಮೆಟ್ ತೆಗೆಸಿದ್ದು, ರಿಯಾಯಿತಿಗೆ ಮಾತಾಡದೆ ಕೂತದ್ದು ಎಲ್ಲ ಒಟ್ಟಿಗೆ ಕಣ್ಣೆದುರು ಬಂತು. ಅಯ್ಯೋ ದೇವರೇ, ಆ ಪ್ರಶ್ನೆ ಪರೀಕ್ಷೆಯಲ್ಲ, ಈ ಮನುಷ್ಯ ತನಗೆ ಕಿವಿ ಕೇಳಿಸದೆ ನಿಜವಾಗಿ ನನ್ನನ್ನು ಕೇಳುತ್ತಿದ್ದದ್ದು! ಮೊಬೈಲ್ ನೋಡುತ್ತಾ ನಾನು ಬಿಸಾಡಿದ "ಸರಿ ಉಂಟು"ವಿನ ಮೇಲೆ ತಮ್ಮ ಮೂವತ್ತು ವರ್ಷದ ಮಾತನ್ನು ಇಟ್ಟದ್ದು. ಮೀನಿನ ಅಕ್ಕನ ಎದುರು ತಲೆ ತಗ್ಗಿಸಿದ್ದೂ ನನ್ನ ಕಿವಿಯ ತಪ್ಪಿಗೆ.

"ಬೇಡ ಮಾವ" ಎಂದೆ. "ಇದು ಬೇಡ. ಕಿರಕಿರ ಉಂಟು."

ಮಾವ ಟೀಚರನ್ನು ಕರೆದು, "ಇದು ಕುವೈಟಿಗೆ ಆಗುವುದಿಲ್ಲ ಟೀಚರೇ. ನಂತೂರಿನ ಹೊಸ ಶೋರೂಮಿನಲ್ಲಿ ಇದೇ ಮಾಡೆಲ್ ಸಿಗ್ತದೆ, ಅಲ್ಲಿಂದ ತೆಗೊಳ್ಳಿ" ಎಂದರು. ಕೇಳಿದಿರಾ? ನಮ್ಮ ಕುತ್ತಿಗೆ ಕೊಯ್ಯಲಿಕ್ಕೆ ಕೂತವರ ವಿಳಾಸ ನಾವೇ ಕೊಡುವುದು! ಟೀಚರ್ ಕೊಂಕಣಿಯಲ್ಲಿ "ದೇವಾ ಸಾಯ್ಬಾ" ಎಂದು ದೇವರನ್ನು ಕರೆಯುತ್ತಾ ರಿಕ್ಷಾ ಹತ್ತಿದರು. ನಲ್ವತ್ತನೆಯ ವ್ಯಾಪಾರವೂ ಕೈತಪ್ಪಿತು, ಡೀಲರ್‌ಶಿಪ್ಪೂ ಹೋಯಿತು.

ಅಂಗಡಿಯಲ್ಲಿ ನಾವಿಬ್ಬರೇ ಉಳಿದೆವು. ನಾನು ಅವರ ಎದುರಿನ ಕುರ್ಚಿಯಲ್ಲಿ ಕೂತು, ಬಾಯಿ ಕಾಣುವ ಹಾಗೆ ಕೇಳಿದೆ: "ಎಷ್ಟು ಸಮಯ ಆಯ್ತು ಮಾವ?"

"ಎರಡು ವರ್ಷದ ಮೇಲಾಯ್ತು. ಮೊದಲು ಒಂದು ಕಿವಿ, ಮತ್ತೆ ಇನ್ನೊಂದು. ಅಂಗಡಿ ಮುಚ್ಚುವ ಅಂತ ಇದ್ದೆ. ಕೇಳದೆ ಹೇಗೆ ಮಾತು ಕೊಡುವುದು?"

"ಮತ್ತೆ ಯಾಕೆ ಮುಚ್ಚಲಿಲ್ಲ?"

"ನೀನು ಬಂದೆಯಲ್ಲ" ಎಂದರು.

ಈ ಮನುಷ್ಯನಿಗೆ ಎಷ್ಟು ಧೈರ್ಯ ನೋಡಿ! ಒಂದು ಮಾತು ಮೊದಲೇ ಹೇಳಬಾರದಿತ್ತಾ? ಹೇಳಿದ್ದರೆ ನಾನು ಸರಿಯಾಗಿ ಕೇಳುತ್ತಿರಲಿಲ್ಲವಾ? ಬೈಯಬೇಕೆಂದು ಹೊರಟವಳು ಎದ್ದು ಹೋಗಿ ಇಬ್ಬರಿಗೂ ಚಾ ತಂದೆ.

ಐದೂವರೆಗೆ ಬಾಗಿಲಲ್ಲಿ ರಿಕ್ಷಾ ನಿಂತಿತು. ಟೀಚರ್ ಇಳಿದು, ನಂತೂರಿನ ಶೋರೂಮಿನ ಹೊಸ ಪೆಟ್ಟಿಗೆಯನ್ನು ತಂದು ನಮ್ಮ ಮೇಜಿನ ಮೇಲಿಟ್ಟರು. "ತೆಗೊಂಡೆ. ಆದರೆ ನೀವು ಕೇಳದೆ ಮಗಳ ಬ್ಯಾಗಿಗೆ ಹಾಕುವುದು ಹೇಗೆ?" ಎಂದರು.

ಕರೆಂಟ್ ಬಂದಿತ್ತು. ಮಾವ ಆ ಕಡೆ ಬಾಗಿ ಕಣ್ಣು ಮುಚ್ಚಿದರು. ನಾನು ಮೊಬೈಲನ್ನು ಡ್ರಾವರಿಗೆ ಹಾಕಿ, ಈ ಕಡೆ ಬಾಗಿ, ಹುಟ್ಟಿದ ಮೇಲೆ ಮೊದಲ ಸಲ ಒಂದು ಮಿಕ್ಸಿಯನ್ನು ಪೂರ್ತಿ ಕೇಳಿದೆ.

"ಎಂತ ಹೇಳ್ತದೆ?" ಎಂದರು ಮಾವ.

ನಾನು ಅವರ ಎದುರಿಗೆ ಬಂದು ನಿಂತು, ನಿಧಾನವಾಗಿ ಹೇಳಿದೆ. "ಸರಿ ಉಂಟು ಮಾವ."

ಮಾವ ಟೀಚರ ಕಡೆ ತಿರುಗಿದರು. "ಕೊಂಡು ಹೋಗಿ" ಎಂದು ನನ್ನ ತಲೆಯ ಮೇಲೆ ಕೈ ಇಟ್ಟರು. "ಇವಳ ಮಾತು."