ಬೆಣ್ಣೆ ಕಾಣೆಯಾಗಿದೆ, ಬಾಲ ಮಾತ್ರ ಇದೆ

ಜವಾಬ್ದಾರಿಯಿಂದ ಬೆಕ್ಕು ಸಾಕುವುದು ಹೇಗೆಂದು ಗಂಡನೂರು ಸಾಲಿಗ್ರಾಮಕ್ಕೆಲ್ಲ ತೋರಿಸಿಕೊಡುತ್ತೇನೆಂಬ ಮಹಾಸಂಕಲ್ಪವನ್ನು ನಾನು ಕೈಗೊಂಡು ಮೂರು ತಿಂಗಳಾಯಿತು. ಎಲ್ಲಿಂದಲೋ ಬಂದು ಮೊಸರನ್ನ ತಿಂದ ಬಿಳಿ ಬೆಕ್ಕಿಗೆ ನಾಲ್ಕು ವರ್ಷದ ಮಗಳು ಸ್ವಾತಿ 'ಬೆಣ್ಣೆ' ಎಂದು ಹೆಸರಿಟ್ಟಳು. ಹೆಸರು ಅವಳದು, ಆಡಳಿತ ನನ್ನದು. ಮೈಸೂರಿನಲ್ಲಿ ಓದಿದವಳಲ್ಲವೇ! ಚುಚ್ಚುಮದ್ದು, ಹುಳದ ಔಷಧಿ, ಎಲ್ಲಕ್ಕೂ ಒಂದು ಫೈಲು. ಕಳೆದ ಭಾನುವಾರ ಫೋನ್ ನಂಬರ್ ಬರೆದ ಕೊರಳಪಟ್ಟಿಯನ್ನೂ ಕಟ್ಟಿದೆ.

"ಬೆಕ್ಕಿಗ್ ಇಷ್ಟೆಲ್ಲ ಎಂತಕ್ಕೆ ಮಾರಾಯ್ತಿ?" ಎಂದರು ಅತ್ತೆ ಗೋಮತಮ್ಮ. "ಅದ್ ಬತ್ತ್, ಉಣ್ತ್, ಹೋತ್ತ್."

"ಕಳೆದುಹೋದ್ರೆ ಅತ್ತೆ?"

ಕಳೆದೇ ಹೋಯಿತು. ದಿನಾ ಬೆಳಿಗ್ಗೆ ಒಂಬತ್ತಕ್ಕೆ ಹಾಜರಾಗಿ, ಮಧ್ಯಾಹ್ನ ಉಂಡು ತಿರುಗಾಟಕ್ಕೆ ಹೊರಡುವ ಬೆಕ್ಕು ಸೋಮವಾರ ಬರಲಿಲ್ಲ. ಮಂಗಳವಾರವೂ ಇಲ್ಲ. 'ಬೆಣ್ಣೆಗೊಂದು ತುತ್ತು, ನಿಂಗೊಂದು ತುತ್ತು' ಎಂದರಷ್ಟೇ ಉಣ್ಣುತ್ತಿದ್ದ ಮಗಳು ಬಾಯಿಗೆ ಬೀಗ ಹಾಕಿದಳು. ಎರಡು ದಿನ ಹಾಲು, ಬಾಳೆಹಣ್ಣು, ಅಷ್ಟೇ. ಅವಳ ಪಕ್ಕೆಲುಬು ಎಣಿಸುತ್ತಾ ನಾನೂ ಊಟ ಬಿಟ್ಟೆ.

ವಾಟ್ಸ್ಯಾಪಿನಲ್ಲಿ ಹಾಕೋಣವೆಂದರೆ ಫೋನಿನ ನಾನೂರು ಫೋಟೊಗಳಲ್ಲೂ ಮಗಳದೇ ಮುಖ. ಬೆಣ್ಣೆಯದು ಮೂಲೆಯಲ್ಲಿ ಬಾಲ ಮಾತ್ರ. ಅದನ್ನೇ ಕತ್ತರಿಸಿ ಹಾಕಿದೆ.

"ಇದು ಬೆಕ್ಕಾ, ಒರೆಸುವ ಬಟ್ಟೆಯಾ?" ಎಂದರು ಗಂಡ ಶ್ರೀಕರ.

ಬೈಂದೂರಿನಿಂದ ಯಾರೋ ಫೋನ್ ಮಾಡಿ, "ಹ್ವಾಯ್, ಬಾಲ ಇಲ್ದಿದ್ದ್ ಒಂದ್ ಸಿಕ್ಕಿತ್, ಅಡ್ಡಿಲ್ಯಾ?" ಎಂದು ಕೇಳಿದರು.

ಬುಧವಾರ ಕಡಲಂಚಿನ ಕೋಟ ಪಡುಕರೆಯಿಂದ ಕರೆ ಬಂತು. ಮೀನು ಮಾರುವ ಜಲಜಕ್ಕ. "ಅಮ್ಮಾ, ಬೆಕ್ಕಿನ್ ಕುತ್ತಿಗಿಯಂಗ್ ನಿಮ್ ನಂಬರ್ ಇತ್ತ್. ಓದುಕೆ ಕನ್ನಡ್ಕ ಹುಡ್ಕಿ ಸಿಕ್ಕುಕೆ ಮೂರ್ ದಿನ ಆಯ್ತ್."

ಫೈಲು ಹಿಡಿದು, ಮಗಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹಾರಿದೆ. ಬಲೆಯ ರಾಶಿಯ ಮೇಲೆ ಬೆಣ್ಣೆ ಮಲಗಿತ್ತು. ಕರೆದೆ. ಕಿವಿಯೂ ಅಲ್ಲಾಡಲಿಲ್ಲ.

"ಬಂಗುಡೆ, ಬಾ ಇಲ್ಲಿ," ಎಂದರು ಜಲಜಕ್ಕ. ಆ ಮೀನಿನ ಹೆಸರು ಕೇಳಿದ್ದೇ ಎದ್ದು ಅವರ ಬಳಿ ಓಡಿತು.

"ಇದು ನಮ್ಮ ಬೆಕ್ಕು," ಎಂದು ಫೈಲು ಬಿಚ್ಚಿದೆ. ಜಲಜಕ್ಕ ಒಳಗಿನಿಂದ ಪ್ಲಾಸ್ಟಿಕ್ ಚೀಲ ತಂದರು. ಮೂರು ವರ್ಷದ ಚುಚ್ಚುಮದ್ದಿನ ಚೀಟಿಗಳು, ಸಂತಾನಹರಣದ ಆಪರೇಶನ್ ಚೀಟಿ!

"ಹೋದ್ ತಿಂಗ್ಳ್ ಎರಡ್ ದಿನ ಮಂಕಾಯಿತ್ತ್. ಯಾರೋ ಪುಣ್ಯಾತ್ಗಿತ್ತಿ ಮತ್ತೊಂದ್ ಸೂಜಿ ಹಾಕ್ಸಿರ್ ಕಾಣಿ."

ಪುಣ್ಯಾತ್ಗಿತ್ತಿ ನೆಲ ನೋಡಿದಳು.

ಕಥೆ ಇಷ್ಟೇ. ನಮ್ಮ ಕೇರಿಯಲ್ಲಿ ಮೀನು ಕೊಳ್ಳುವವರಿಲ್ಲ. ಹಾಗಾಗಿ ಜಲಜಕ್ಕ ಅಲ್ಲಿ ಹಾರ್ನ್ ಒತ್ತದೆ ಸುಮ್ಮನೆ ಸ್ಕೂಟರ್ ದಾಟಿಸುತ್ತಾರೆ. ಮೀನಿನ ಪೆಟ್ಟಿಗೆ ಮೇಲೆ ಕೂತ ಬಂಗುಡೆ ಅದೇ ತಿರುವಿನಲ್ಲಿ ಇಳಿದು ಬೆಣ್ಣೆಯಾಗುತ್ತದೆ. ಮಧ್ಯಾಹ್ನ ವಾಪಸು ಗಾಡಿಗೆ ಅಲ್ಲೇ ಕಾಯುತ್ತದೆ.

"ಮೀನ್ ಬಿಟ್ಟು ನಮ್ಮನೆಗೆ ಯಾಕೆ ಬರ್ತದೆ?"

"ದಿನಾ ಮೀನ್ ತಿಂದ್ರೆ ಯಾರಿಗಾರೂ ಬೇಜಾರಾತ್ತಿಲ್ಯಾ? ಮೊಸ್ರನ್ನಕ್ಕೆ ಬಪ್ಪುದ್."

"ಮತ್ತೆ ಈ ಮೂರು ದಿನ?"

"ನನ್ ಸ್ಕೂಟರ್ ರಿಪೇರಿಗ್ ಹೋಯ್ತ್. ಬಸ್ಸಿಲ್ದೆ ಅದ್ ಎಂತ ಮಾಡತ್ತ್ ಪಾಪ?"

ಆದರೂ ಕೇಳಬೇಕಾದ್ದು ಕೇಳಿಯೇ ಬಿಡೋಣವೆಂದು ಗಂಟಲು ಸರಿಮಾಡಿಕೊಂಡೆ. ಬೆಕ್ಕು ದಿನಕ್ಕೆಷ್ಟು ಹೊತ್ತು ಯಾರ ಮನೆಯಲ್ಲಿ, ಎಷ್ಟು ಊಟ, ಯಾರ ಹೊಣೆ? ಅಷ್ಟರಲ್ಲಿ ಜಗಲಿಯಿಂದ ಸೊರ್ರೆಂದು ಸದ್ದು. ಸ್ವಾತಿ ಬೆಕ್ಕಿನ ಪಕ್ಕ ಚಕ್ಕಳಮಕ್ಕಳ ಹಾಕಿ, ಜಲಜಕ್ಕ ಯಾವಾಗಲೋ ಬಡಿಸಿಟ್ಟ ಗಂಜಿ, ಮಿಡಿ ಉಪ್ಪಿನಕಾಯಿಯನ್ನು ಎರಡೂ ಕೈಯಲ್ಲಿ ಬಾಚಿ ತಿನ್ನುತ್ತಿದ್ದಳು. ಯಾರೂ ತುತ್ತು ಎಣಿಸುತ್ತಿರಲಿಲ್ಲ.

"ಅಜ್ಜಿ, ಇನ್ನೂ ಹಾಕಿ," ಎಂದಳು. ಮೂರನೇ ಸಲವಂತೆ.

ಜಲಜಕ್ಕ ಸೌಟು ಹಿಡಿದು ಅವಳನ್ನು ನೋಡಿದರು, ಆಮೇಲೆ ನನ್ನನ್ನು. "ಅಮ್ಮಾ, ಬೆಕ್ಕಿನ್ ವಿಷ್ಯ ಇರ್ಲಿ. ಈ ಮಗಿಗ್ ಮನಿಯಂಗ್ ಉಂಬುಕೆ ಎಂತ ಹಾಕ್ತ್ರಿ ನೀವ್?"

ಫೈಲು ಮಡಚಿಟ್ಟೆ. ಮಗಳ ಪಕ್ಕದಲ್ಲಿ ಕುಳಿತು, ನಾನೂ ಒಂದು ಬಟ್ಟಲು ಚಾಚಿದೆ.