ಕಾವೇರಿಯಲ್ಲಿ ಬಾಲ ಕೊಟ್ಟ ಎಮ್ಮೆಯವರಿಗೆ ಒಂದು ದೂರು

ಮಾನ್ಯ ಎಮ್ಮೆಯವರೇ,

ಎಡಗೊಂಬಿನಲ್ಲಿ ನೀಲಿ, ಬಲಗೊಂಬಿನಲ್ಲಿ ಕೆಂಪು, ಹೀಗೆ ಸಂಕ್ರಾಂತಿಯ ಬಣ್ಣದಿಂದ ಶೋಭಿಸುವ ತಮ್ಮ ಶಿರಸ್ಸಿಗೆ ಹೊಸೂರಿನಿಂದ ನಮಸ್ಕಾರಗಳು. ತಾವೂ ತಮ್ಮ ಹೊಟ್ಟೆಯಲ್ಲಿರುವ ಕರುವೂ ಕ್ಷೇಮವೆಂದು ನಂಬಿದ್ದೇನೆ. ನಾನು ಅಷ್ಟೇನೂ ಕ್ಷೇಮವಾಗಿಲ್ಲ. ಅದಕ್ಕೇ ಈ ಪತ್ರ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಅದನ್ನು ಹೇಳದೆಯೇ ಈ ದೂರನ್ನು ಮುಗಿಸಬಹುದೆಂದು ಅಂದುಕೊಂಡಿದ್ದೆ, ಮೊದಲ ಕರಡಿನಲ್ಲಿ ಮುಗಿಸಿಯೂ ಇದ್ದೆ. ಆ ದಿನ ನಾನು ಈಜಿಕೊಂಡು ದಡ ಸೇರಲಿಲ್ಲ. ತಮ್ಮ ಬಾಲ ಹಿಡಿದುಕೊಂಡು ಸೇರಿದೆ. ನನಗೆ ಈಜು ಬರುವುದೇ ಇಲ್ಲ. ಸದ್ಯಕ್ಕೆ ಇದು ತಮಗೆ, ನನಗೆ ಮತ್ತು ತಮ್ಮ ಒಡತಿ ಬೈರಮ್ಮನವರಿಗೆ ಮಾತ್ರ ಗೊತ್ತಿದೆ.

ತಾವು ನೀರಿನಲ್ಲಿ ಮಲಗಿದ್ದವರಾದ್ದರಿಂದ ಹಿನ್ನೆಲೆ ತಿಳಿದಿರಲಾರದು. ನಾನು ಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಜೊತೆಗೆ ಓದಿದ ಕೋಮಲಾ, ಭಾಗ್ಯಲಕ್ಷ್ಮಿ, ಪವಿತ್ರ ಮತ್ತು ನಾನು, ನಲವತ್ತು ದಾಟಿದ ಹೆಂಗಸರು ಒಮ್ಮೆಯಾದರೂ ಸೊಸೈಟಿ, ಸಾರು, ಪರೀಕ್ಷೆಗಳನ್ನು ಬಿಟ್ಟು ಹೋಗಬೇಕೆಂದು ತೀರ್ಮಾನಿಸಿ, ಡೆಂಕಣಿಕೋಟೆಯ ಕಾಡಿನಾಚೆ ಮೂರು ದಿನ ರಾಫ್ಟಿನಲ್ಲಿ ತೇಲುವ, ಸಂಜೆಯಾದರೆ ದಡದಲ್ಲಿ ಟೆಂಟು ಹಾಕುವ ಪ್ರವಾಸಕ್ಕೆ ಹೊರಟೆವು. ಮೊದಲ ಸಂಜೆ ಭಾಗ್ಯಲಕ್ಷ್ಮಿ ಮನೆಯಿಂದ ತಂದ ಕುಕ್ಕರಿನ ಸೀಟಿ ಕೇಳಿ, ಆನೆ ಬಂತೆಂದು ಪಕ್ಕದ ಟೆಂಟಿನ ಗೃಹಸ್ಥರೊಬ್ಬರು ಮರ ಹತ್ತಿದ್ದನ್ನು ಬಿಟ್ಟರೆ, ಪ್ರಕೃತಿಯ ಮಡಿಲಿನಲ್ಲಿ ಎಲ್ಲವೂ ಶಾಂತವಾಗಿತ್ತು. ಬೇಳೆ ಚೆನ್ನಾಗಿಯೇ ಬೆಂದಿತ್ತು.

ಎರಡನೆಯ ದಿನ ಬಂಡೆ ಬಂತು. ನಮ್ಮ ರಾಫ್ಟನ್ನು ನಡೆಸುತ್ತಿದ್ದ ವೆಂಕಿ "ಅಕ್ಕಾ, ಪಿನ್ನಾಡಿ! ಪಿನ್ನಾಡಿ!" ಎಂದು ತಮಿಳಿನಲ್ಲಿ ಕೂಗಿದ, ಅಂದರೆ ಹುಟ್ಟನ್ನು ಹಿಂದಕ್ಕೆ ಹಾಕಿ ಎಂದು. ಕೋಮಲಾ ತಿರುಗಿ ಭಾಗ್ಯಲಕ್ಷ್ಮಿಗೆ "ವೆನಕ್ಕಂಟೇ" ಎಂದು ತೆಲುಗಿನಲ್ಲಿ ತಿಳಿಸಿದಳು. ಭಾಗ್ಯಲಕ್ಷ್ಮಿ ಪವಿತ್ರಳಿಗೆ "ಹಿಂದಕ್ಕಂತೆ ಕಣೇ" ಎಂದಳು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಾನು, ಯಾರಿಗೂ ಸಂಶಯ ಉಳಿಯಬಾರದೆಂದು "ಬ್ಯಾಕ್‌ವರ್ಡ್" ಎಂದು ಎಲ್ಲರಿಗೂ ಸ್ಪಷ್ಟಪಡಿಸಿದೆ. ನಮ್ಮೂರಿನಲ್ಲಿ ಬಸ್ಸಿನಿಂದ ಬ್ಯಾಂಕಿನವರೆಗೆ ನಾವು ಹೀಗೇ ಒಬ್ಬರಿಗೊಬ್ಬರು ನೆರವಾಗುವವರು. ನಾಲ್ವರಿಗೂ ಎಲ್ಲ ಭಾಷೆಯೂ ಬರುತ್ತದೆಂಬುದು, ಆದರೆ ಇಷ್ಟು ಹೊತ್ತೂ ಒಬ್ಬರೂ ಹುಟ್ಟು ಹಾಕಲಿಲ್ಲವೆಂಬುದು, ಬಂಡೆಗೆ ಬಡಿದ ಮೇಲೆ ಹೊಳೆಯಿತು. ರಾಫ್ಟು ತಿರುವಿನಾಚೆ ಹೋಯಿತು. ನಾನು ಮಾತ್ರ ನೀರಿನಲ್ಲಿ ಉಳಿದೆ, ಲೈಫ್ ಜಾಕೆಟ್ಟು ಕಿವಿಯವರೆಗೆ ಏರಿ ಕಣ್ಣಿಗೆ ಏನೂ ಕಾಣದಂತಾಗಿ.

ಆಗ ಕೈಗೆ ಸಿಕ್ಕಿದ್ದು ತಾವು.

ಇಲ್ಲಿಂದ ನನ್ನ ದೂರು ಆರಂಭವಾಗುತ್ತದೆ. ಬಾಲವನ್ನು ಅಪರಿಚಿತರು ಹಿಡಿದಾಗ ಸಾಮಾನ್ಯ ಸೌಜನ್ಯಕ್ಕಾದರೂ ತಿರುಗಿ ನೋಡುವುದುಂಟು; ತಾವು ನೋಡಲಿಲ್ಲ. ನಡುನೀರಿನಲ್ಲಿ ನಿಂತು, ನಾನು ಹಿಂದೆಯೇ ಇರುವುದನ್ನು ಕಿಂಚಿತ್ತೂ ಲೆಕ್ಕಿಸದೆ, ತಮ್ಮ ಸ್ವಂತ ಕೆಲಸವೊಂದನ್ನು ನಿಧಾನವಾಗಿ ಪೂರೈಸಿದಿರಿ. ಆದರೂ ನ್ಯಾಯವಾಗಿ ಹೇಳಬೇಕೆಂದರೆ, ರಾಫ್ಟಿನ ಕಂಪನಿಯವರು ಸುರಕ್ಷತೆಯ ಬಗ್ಗೆ ಅರ್ಧ ದಿನ ಉಪನ್ಯಾಸ ಕೊಟ್ಟು ನನ್ನನ್ನು ನೀರಿಗೆ ಬೀಳಿಸಿದರು. ತಾವು ಒಂದು ಮಾತೂ ಆಡದೆ ಮೇಲಕ್ಕೆ ತಂದಿರಿ.

ತಂದದ್ದರಲ್ಲಿ ಅರ್ಧ ದಾರಿ ಅನಾವಶ್ಯಕವಾಗಿತ್ತೆಂಬುದು ನನ್ನ ಮುಖ್ಯ ಆಕ್ಷೇಪಣೆ. ದಡದಿಂದ ಬೈರಮ್ಮನವರು "ಏ ಯಾರಮ್ಮಾ ನೀನು, ಬಾಲ ಬುಡು! ಗಬ್ಬದೆಮ್ಮೆ ಅದು, ಹಂಗ್ ಎಳೀಬ್ಯಾಡ!" ಎಂದು ಕೂಗಿದರು. ಬಿಟ್ಟರೆ ಸಾಯುತ್ತೇನೆಂದು ನಾನು ಅತ್ತೆ. "ಯಾಕ್ ಸಾಯ್ತೀಯ? ಎದ್ ನಿಂತ್ಕಳಮ್ಮಾ, ಮೊಣಕಾಲುದ್ದ ನೀರು ಅಷ್ಟೇಯಾ" ಎಂದರು. ಎದ್ದು ನಿಂತೆ. ಮೊಣಕಾಲಿಗಿಂತ ಸ್ವಲ್ಪ ಕಡಿಮೆಯೇ ಇತ್ತು. ಇದನ್ನು ತಾವು ಮೊದಲೇ ಸೂಚಿಸಬಹುದಿತ್ತು.

ಬೈರಮ್ಮನವರು ತಮ್ಮನ್ನು ಹೊಡೆದುಕೊಂಡು ಹೋದ ಮೇಲೆ ಗೆಳತಿಯರು ತಿರುವಿನಿಂದ ಓಡಿಬಂದರು. ಒದ್ದೆಯಾಗಿ, ಒಬ್ಬಳೇ, ಗಂಭೀರವಾಗಿ ನಿಂತಿದ್ದ ನನ್ನನ್ನು ನೋಡಿ ಪವಿತ್ರ, "ಅಯ್ಯೋ, ಈಜ್ಕೊಂಡ್ ಬಂದ್ಬುಟ್ಯೇನೇ!" ಎಂದಳು. ನಾನು "ಹೂಂ, ಬಂದೆ" ಎಂದೆ. ಬಂದದ್ದಂತೂ ನಿಜವೇ. ಆ ಒಂದು "ಹೂಂ" ಅನ್ನು ನಾನು ಎಷ್ಟೋ ಸಲ ತಿರುವಿಹಾಕಿ ನೋಡಿದ್ದೇನೆ. ಅದು ಸುಳ್ಳೋ, ಬರೀ ಚಳಿಯೋ ಇನ್ನೂ ನಿರ್ಧಾರವಾಗಿಲ್ಲ. ಪರಿಣಾಮವಾಗಿ ಮೂರನೆಯ ದಿನ ಧೈರ್ಯವಂತೆಯೆಂದು ನನ್ನನ್ನು ರಾಫ್ಟಿನ ತುತ್ತತುದಿಯಲ್ಲಿ ಕೂರಿಸಿದರು. ಅಂದು ನಾನು ಕಂಡ ಕಾವೇರಿ ಪೂರ್ತಿ ಮುಚ್ಚಿದ ರೆಪ್ಪೆಯ ಒಳಭಾಗದಲ್ಲಿತ್ತು.

ಅಲ್ಲಿಗೇ ಮುಗಿದಿದ್ದರೆ ತಮಗೆ ತೊಂದರೆ ಕೊಡುತ್ತಿರಲಿಲ್ಲ. ಹೊಸೂರಿನ ಅವಲಪಲ್ಲಿಯ ನಮ್ಮ ಅಪಾರ್ಟ್‌ಮೆಂಟಿನಲ್ಲೇ ಇರುವ ಪವಿತ್ರ ಇದನ್ನು ಎಲ್ಲರಿಗೂ ವಾಟ್ಸಾಪಿನಲ್ಲಿ ಹೇಳಿದಳು. ನಮ್ಮ ಐದನೆಯ ಮಹಡಿಯ ತಾರಸಿಯ ಮೇಲೆ ಹೊಸ ಈಜುಕೊಳವೊಂದು ಸಿದ್ಧವಾಗಿದೆ. ಮಾರ್ಚ್ ಹದಿನೈದರ ಭಾನುವಾರ ನಾನು ಅದರ ಏಳಡಿ ಆಳದ ತುದಿಯಿಂದ ಹಾರಿ, ಈಜಿ, ಉದ್ಘಾಟಿಸಬೇಕೆಂದು ಸಂಘದ ಅಧ್ಯಕ್ಷ ಲಕ್ಷ್ಮೀಪತಿಯವರು ಬಾಗಿಲಿಗೇ ಬಂದು ಕೇಳಿಕೊಂಡರು. "ನದೀನೇ ಈಜಿರೋರು ಮೇಡಂ ನೀವು, ಇದು ನಿಮ್ಗೆ ಬಚ್ಚಲ್ ತೊಟ್ಟಿ" ಎಂದರು. ಇಲ್ಲವೆನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಮೇಲಿನ ಮನೆಯ ಶಾಂತಾಬಾಯಿಯವರು, ಎರಡೂ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಓಡಾಡುವ ಅಜ್ಜಿ, "ನೀನ್ ಹಾರು ಕಣೇ, ನಿನ್ ಹಿಂದೇನೇ ನಾನೂ ಹಾರ್ತೀನಿ. ನಿನ್ನ ನೋಡೇ ನಂಗೂ ಧೈರ್ಯ ಬಂದಿರೋದು" ಎಂದುಬಿಟ್ಟರು. ಅವರಿಗೂ ಈಜು ಬರುವುದಿಲ್ಲ. ಈಜುಡುಗೆ ಮಾತ್ರ ಆಗಲೇ ಬಂದಿದೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ. ದಯವಿಟ್ಟು ಆ ದಿನ ಮುಂಜಾನೆಯೇ ಅವಲಪಲ್ಲಿಗೆ ಬಂದು, ಯಾರಿಗೂ ಕಾಣದಂತೆ ಕೊಳದಲ್ಲಿ ಮುಳುಗಿ, ಬಾಲವನ್ನಷ್ಟೇ ನೀರಿನ ಮೇಲ್ಮಟ್ಟದಲ್ಲಿ ಇರಿಸಬೇಕು. ಲಿಫ್ಟಿನಲ್ಲಿ ಎಂಟು ಜನರಿಗೆ ಮಾತ್ರ ಅವಕಾಶವೆಂದು ಬರೆದಿದೆ. ತಾವು ಒಬ್ಬರೇ ಎಂದು ನಾನು ವಾದಿಸುತ್ತೇನೆ. ಹಿಂದಿನಿಂದ ಶಾಂತಾಬಾಯಿಯವರೂ ಹಾರುವುದರಿಂದ, ಅವರಿಗೆ ಹಿಡಿದುಕೊಳ್ಳಲು ಇನ್ನೊಂದು ಎಮ್ಮೆಯನ್ನೂ ಕರೆತಂದರೆ ಉಪಕಾರ. ಈ ಸಲ ನಡುನೀರಿನಲ್ಲಿ ಸ್ವಂತ ಕೆಲಸಗಳು ಬೇಡ. ಕೊಳಕ್ಕೆ ಹೊಸ ಟೈಲ್ಸ್ ಹಾಕಿಸಿದ್ದಾರೆ.

ಬರಲಾಗದಿದ್ದರೆ, ತಮ್ಮ ಸ್ಥಾನದಲ್ಲಿ ನಿಂತು ಶಾಂತಾಬಾಯಿಯವರನ್ನು ತಡೆಯಲು ಉಳಿದಿರುವುದು ಈ ಪತ್ರ ಒಂದೇ.

ತಮ್ಮ ಬಾಲದಲ್ಲಿ ಇಂದಿಗೂ ಪೂರ್ಣ ವಿಶ್ವಾಸವಿಟ್ಟಿರುವ,
ಚಂದ್ರಲೇಖಾ

ಮರೆತ ಮಾತು: ತಾವು ಓದುವವರಲ್ಲವೆಂದು ಬಲ್ಲೆ. ಅದಕ್ಕಾಗಿ ಇದರ ಒಂದು ಪ್ರತಿಯನ್ನು ನಮ್ಮ ಲಿಫ್ಟಿನ ಪಕ್ಕದ ನೋಟಿಸ್ ಬೋರ್ಡಿಗೂ ಅಂಟಿಸಲಿದ್ದೇನೆ. ಅಲ್ಲಿಯೂ ಯಾರೂ ಏನನ್ನೂ ಓದುವುದಿಲ್ಲ, ಇನ್ನೊಬ್ಬರ ಮಾನ ಹೋಗುವ ವಿಷಯ ಒಂದನ್ನು ಬಿಟ್ಟು. ಅಂಟಿಸುವುದು, ಅಂಚೆಗೆ ಹಾಕುವುದು ಎರಡೂ ಉದ್ಘಾಟನೆ ಮುಗಿದ ಮೇಲೆ, ಸೋಮವಾರ ಹದಿನಾರಕ್ಕೆ ಎಂದು ಬರೆದುಕೊಂಡಿದ್ದೆ. ಈಗತಾನೇ ಶಾಂತಾಬಾಯಿಯವರು ಈಜುಡುಗೆಯಲ್ಲೇ ಕೆಳಗಿಳಿದು ಬಂದು, ಕನ್ನಡಕ ಹಾಕಿಕೊಂಡೇ ಹಾರಬಹುದೇ ಎಂದು ಕೇಳಿಹೋದರು. ಸೋಮವಾರವನ್ನು ಹೊಡೆದುಹಾಕಿದ್ದೇನೆ. ಈಗ ಅಲ್ಲಿ ಶನಿವಾರ, ಮಾರ್ಚ್ ಹದಿನಾಲ್ಕು ಎಂದಿದೆ.